ಮಾರಿಕೊಂಡ 300 ದಿನಗಳು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಕಾಯಕ ಮತ್ತು ನಿವೃತ್ತಿ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಶ್ರೀಗಳು ಅಪ್ಪಣೆ ಕೊಡಿಸಿದಾಗ ನಾನು ಹಿಂಜರಿದೆ. ನಾನು ವಚನಗಳನ್ನು ಅಧ್ಯಯನ ಮಾಡಿದ ಪಂಡಿತನಲ್ಲ. 35 ವರ್ಷ ಸರ್ಕಾರಿ ನೌಕರಿಯಲ್ಲಿ ಕಾಲುವೆ, ತೂಬು, ಗೇಟು ಎಂದು ತಿರುಗಿದ ಇಂಜಿನಿಯರ್. ನನಗೆ ಬರುವುದು ಲೆಕ್ಕ. ಆದ್ದರಿಂದ ಇವತ್ತು ತಮ್ಮ ಮುಂದೆ ಎರಡು ಲೆಕ್ಕ ಒಪ್ಪಿಸುತ್ತೇನೆ. ಒಂದು ನನ್ನದು, ತಪ್ಪಿದ್ದು. ಇನ್ನೊಂದು ನನ್ನ ಮಗನದು. ಅದು ಸರಿಯೋ ತಪ್ಪೋ ತಾವೇ ಹೇಳಬೇಕು.

ಸರ್ಕಾರಿ ನೌಕರರಿಗೆ ಗೊತ್ತಿದೆ. ಪ್ರತಿ ಜನವರಿ 1ಕ್ಕೆ 15 ದಿನ, ಜುಲೈ 1ಕ್ಕೆ 15 ದಿನ ಗಳಿಕೆ ರಜೆ ನಮ್ಮ ಖಾತೆಗೆ ಜಮೆಯಾಗುತ್ತದೆ. ಹಾಗೆ ಕೂಡಿಡಬಹುದಾದ ಮಿತಿ 300 ದಿನ. ನಿವೃತ್ತಿಯ ದಿನ ಆ 300 ದಿನಗಳಿಗೆ ಸಂಬಳ ಲೆಕ್ಕ ಹಾಕಿ ಒಟ್ಟಿಗೆ ಹಣ ಕೊಡುತ್ತಾರೆ. ನಾನು 60ಕ್ಕೆ ನಿವೃತ್ತನಾದಾಗ ಪೂರ್ತಿ 300 ದಿನಗಳ ಹಣ ಪಡೆದೆ. ಬೀಳ್ಕೊಡುಗೆ ಸಭೆಯಲ್ಲಿ ನಮ್ಮ ಮೇಲಧಿಕಾರಿಗಳು ಅದನ್ನೇ ಹೊಗಳಿದರು: "ಇವರು ರಜೆ ಹಾಕಿದವರೇ ಅಲ್ಲ." ಶಾಲು ಹೊದಿಸಿದರು, ಜನ ಚಪ್ಪಾಳೆ ತಟ್ಟಿದರು, ನನಗೂ ಹೆಮ್ಮೆಯಾಯಿತು.

ಆ ರಾತ್ರಿ ಮನೆಗೆ ಬಂದು ನಮ್ಮ ಮನೆಯವರ ಕೈಗೆ ಆದೇಶದ ಪ್ರತಿ ಕೊಟ್ಟೆ. ಅವರು ಓದಿ, ಮಡಚಿ, ದೇವರ ಜಗಲಿಯ ಮೇಲಿಟ್ಟು ಒಂದೇ ಮಾತು ಕೇಳಿದರು. "ಇದರಾಗ ಅತ್ತಿಯವರ ಎಂಟು ದಿನ ಎಲ್ಲದಾವ ರೀ?"

ಆ ಎಂಟು ದಿನದ ಸಂಗತಿ ಹೇಳುತ್ತೇನೆ. ನಿವೃತ್ತಿಗೆ ಮೂರು ವರ್ಷ ಮುಂಚೆ ನಮ್ಮ ಅವ್ವ ಊರಲ್ಲಿ ಹಾಸಿಗೆ ಹಿಡಿದಿದ್ದಳು. ತಮ್ಮ ನೋಡಿಕೊಳ್ಳುತ್ತಿದ್ದ. ನಾನು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಹೋಗಿ ಸಂಜೆಗೆ ಹೊರಡುತ್ತಿದ್ದೆ. ಒಮ್ಮೆ ಅವಳು ನನ್ನ ಕೈ ಹಿಡಿದು, "ಒಂದ್ ಎಂಟ್ ದಿನ ಇದ್ದು ಹೋಗಪಾ," ಅಂದಳು. "ಮಾರ್ಚ್ ಮುಗೀಲಿ ಯವ್ವಾ, ಬಿಲ್ಲಿನ ಕೆಲಸ ಐತಿ. ಏಪ್ರಿಲ್‌ದಾಗ ಬಂದು ಹದಿನೈದು ದಿನ ಇರ್ತೀನಿ," ಅಂದೆ. ಮಾರ್ಚ್ ಎರಡನೆಯ ವಾರ ಅವಳು ಲಿಂಗೈಕ್ಯಳಾದಳು. ಬಿಲ್ಲುಗಳು ಮಾರ್ಚ್ 31ರ ರಾತ್ರಿ ಸರಿಯಾಗಿ ಪಾಸಾದವು.

ಆಗ ನನ್ನ ರಜೆ ಖಾತೆ 300ರ ಮಿತಿ ಮುಟ್ಟಿಯಾಗಿತ್ತು. ಅಲ್ಲಿಂದ ಮುಂದೆ ಜಮೆಯಾಗುವ ರಜೆ ಆ ಆರು ತಿಂಗಳೊಳಗೆ ಬಳಸದಿದ್ದರೆ ಸುಮ್ಮನೆ ಹೋಗಿಬಿಡುತ್ತಿತ್ತು. ಅಂದರೆ ಅವ್ವನ ಹತ್ತಿರ ಎಂಟು ದಿನ ಕುಳಿತಿದ್ದರೆ ನನಗೆ ಒಂದು ರೂಪಾಯಿಯೂ ನಷ್ಟವಾಗುತ್ತಿರಲಿಲ್ಲ. ಇಲಾಖೆ ನನ್ನನ್ನು ತಡೆಯಲಿಲ್ಲ. ಮೇಲಧಿಕಾರಿಗಳೂ ತಡೆಯಲಿಲ್ಲ. ನಾನು ಅರ್ಜಿಯನ್ನೇ ಬರೆಯಲಿಲ್ಲ. ಕಾಯಕನಿಷ್ಠೆ ಎಂದು ನನಗೆ ನಾನೇ ಹೇಳಿಕೊಂಡೆ. ಇದು ನನ್ನ ಲೆಕ್ಕ.

ಇನ್ನು ಮಗನ ಲೆಕ್ಕಕ್ಕೆ ಬರೋಣ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. 35ನೇ ವಯಸ್ಸಿನಲ್ಲಿ ಒಂದು ದೀಪಾವಳಿಗೆ ಊರಿಗೆ ಬಂದವನು ಊಟದ ಹೊತ್ತಿನಲ್ಲಿ ಹೇಳಿದ: "ಅಪ್ಪಾ, ಬರೋ ವರ್ಷ ಪೂರ್ತಿ ಕೆಲಸ ಬಿಟ್ಟಿರಬೇಕಂತ ಮಾಡೀನಿ. ನಲವತ್ತು ದಾಟಿದ ಮ್ಯಾಲೆ ಇನ್ನೊಂದು ವರ್ಷ. ಐವತ್ತರ ಸುಮಾರಿಗೆ ಪೂರ್ತಿ ಬಿಡ್ತೀನಿ."

ನನಗೆ ಸಿಟ್ಟು ಬಂತು. "ಕಾಯಕ ಬಿಟ್ಟು ಕೂಡೋದು ನಮ್ಮ ಧರ್ಮದಾಗ ಇಲ್ಲ," ಅಂದೆ. ಅವನು ಮೆಲ್ಲಗೆ, "ನಾ ಮಾಡೋದು ನೌಕರಿ ಅಪ್ಪಾ. ಕಾಯಕ ಅಂತ ಹೆಸರಿಟ್ಟವರು ನೀವು," ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಶರಣರ ಕಣ್ಣಿನಲ್ಲಿ ಸಂಬಳ ಬರುವ ಕೆಲಸವೆಲ್ಲ ಕಾಯಕವೇನು? ಕೆಲಸ ಶುದ್ಧವಾಗಿರಬೇಕು, ಮನಸ್ಸು ಅದರಲ್ಲಿರಬೇಕು, ಅದರ ಫಲ ದಾಸೋಹಕ್ಕೆ ಸಲ್ಲಬೇಕು. ಈ ಅಳತೆಯಲ್ಲಿ ನನ್ನ 35 ವರ್ಷಗಳನ್ನು ಅಳೆದು ನೋಡಿದೆ. ಕಾಲುವೆಯ ಕೊನೆಭಾಗದ ರೈತನ ಹೊಲಕ್ಕೆ ನೀರು ಮುಟ್ಟಿದ ದಿನಗಳು ನಿಜವಾಗಿ ಕಾಯಕದ ದಿನಗಳು. ಕುರ್ಚಿ ಬಿಟ್ಟರೆ ಇನ್ನೊಬ್ಬರು ಬಂದು ಕೂತಾರೆಂಬ ಅಂಜಿಕೆಯಿಂದ ಕೂತ ದಿನಗಳೂ ಇದ್ದವು. ಅವುಗಳನ್ನೂ ಕಾಯಕವೆಂದು ಬರೆದುಕೊಂಡರೆ ಶರಣರಿಗೆ ಮೋಸ ಮಾಡಿದಂತೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ತಮಗೆಲ್ಲ ಗೊತ್ತು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೆ. ಅದರಲ್ಲಿ ನನಗೊಂದು ಪ್ರಶ್ನೆ ಇದೆ ಎಂದು ತಿಳಿದದ್ದು ಮಗನ ಜೊತೆ ಜಗಳವಾಡಿದ ಮೇಲೆ. ಲಕ್ಕಮ್ಮನಿಗೆ 'ಸಾಕು' ಎಂಬುದರ ಅಳತೆ ಗೊತ್ತಿತ್ತು. ನಮ್ಮಲ್ಲಿ ಎಷ್ಟು ಮನೆಗಳಿಗೆ ಅದು ಗೊತ್ತಿದೆ? ಅಳತೆ ಗೊತ್ತಿಲ್ಲದವನು ಯಾವಾಗ ನಿಲ್ಲಬೇಕೆಂದು ಹೇಗೆ ತಿಳಿದಾನು?

ನಾನು ಇಂಜಿನಿಯರ್, ಆದ್ದರಿಂದ ನಮ್ಮವರೊಬ್ಬರ ಉದಾಹರಣೆ ಕೊಡುತ್ತೇನೆ. ಸರ್ ಎಂ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ನಡುವೆ 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ, ಶಿಕ್ಷಣ ನೋಡಿ ಬಂದರು. 1908ರಲ್ಲಿ ಸ್ವಯಂ ನಿವೃತ್ತಿ ಪಡೆದರು. ಆಗ ಅವರಿಗೆ 50 ತುಂಬಿರಲಿಲ್ಲ. ನಿವೃತ್ತಿಯ ನಂತರ ವಿದೇಶ ಪ್ರವಾಸದಲ್ಲಿದ್ದಾಗಲೇ, ಮೂಸಿ ನದಿಯ ಮಹಾಪೂರದಿಂದ ತತ್ತರಿಸಿದ್ದ ಹೈದರಾಬಾದಿನಿಂದ ಅವರಿಗೆ ಕರೆ ಬಂತು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಲ್ಲಿ ದಿವಾನರು. ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಅಂದರೆ ಕನ್ನಡ ನಾಡು ಅವರನ್ನು ನೆನೆಯುವ ಮುಖ್ಯ ಕೆಲಸಗಳೆಲ್ಲ ಅವರು ಮೊದಲ ನೌಕರಿ ಬಿಟ್ಟ ಮೇಲೆ ಆದವು. 1918ರಲ್ಲಿ ದಿವಾನಗಿರಿಯನ್ನೂ ಬಿಟ್ಟರು. ಆಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಪುಸ್ತಕಗಳು. ನೂರು ದಾಟಿ 1962ರಲ್ಲಿ ತೀರಿಕೊಂಡರು. ಇಷ್ಟು ವರ್ಷ ಅವರ ಭಾವಚಿತ್ರದ ಕೆಳಗೆ ಕೂತು ಕೆಲಸ ಮಾಡಿದ ನಾನು, ಅವರು ಕೆಲಸ ಬಿಟ್ಟದ್ದನ್ನು ಎಂದೂ ಗಮನಿಸಿರಲಿಲ್ಲ.

ನಮ್ಮ ಕಾಲುವೆಗಳನ್ನೇ ನೋಡಿ. ಬೆಳೆ ಕೊಯ್ಲಾದ ಮೇಲೆ, ಮಳೆಗಾಲದ ಮುಂಚೆ, ನೀರು ನಿಲ್ಲಿಸುತ್ತೇವೆ. ಹೂಳು ತೆಗೆಯುತ್ತೇವೆ, ಬಿರುಕು ಬಿಟ್ಟ ಲೈನಿಂಗ್ ಸರಿಪಡಿಸುತ್ತೇವೆ, ಗೇಟಿಗೆ ಗ್ರೀಸ್ ಹಚ್ಚುತ್ತೇವೆ. ಯಾವ ದಿನ ನಿಲ್ಲಿಸುತ್ತೇವೆ, ಯಾವ ದಿನ ಬಿಡುತ್ತೇವೆ ಎಂದು ರೈತರಿಗೆ ಮೊದಲೇ ತಿಳಿಸುತ್ತೇವೆ. ಹಾಗೆ ನಿಲ್ಲಿಸದೆ ಹರಿಸುತ್ತಲೇ ಹೋದರೆ ಕಾಲುವೆ ತಾನೇ ಒಂದು ದಿನ ಒಡೆದುಕೊಳ್ಳುತ್ತದೆ, ಅದೂ ಬೆಳೆ ನಿಂತಿರುವಾಗ. ಮನುಷ್ಯನೂ ಹಾಗೆಯೇ. ನಾವು ಬಿಡುವು ತೆಗೆದುಕೊಳ್ಳದಿದ್ದರೆ ಬಿ.ಪಿ., ಸಕ್ಕರೆ, ಬೆನ್ನುನೋವು ಬಂದು ಬಿಡುವು ಕೊಡಿಸುತ್ತವೆ. ಅದಕ್ಕೆ ಮುಂಗಡ ನೋಟಿಸ್ ಇರುವುದಿಲ್ಲ.

ಹೀಗೆ ನನ್ನ ಸಿಟ್ಟು ಇಳಿಯುವುದಕ್ಕೆ ಎರಡು ತಿಂಗಳು ಬೇಕಾಯಿತು. ಸಂಕ್ರಾಂತಿಗೆ ಅವನು ಬಂದಾಗ, "ಬಾಯಿಮಾತು ಬ್ಯಾಡ, ಕಾಗದ ತಗೊಂಬಾ," ಅಂದೆ. ಇಬ್ಬರೂ ಅಂದಾಜು ಪಟ್ಟಿ ಮಾಡುವಂತೆ ಕೂತೆವು. ಆ ಲೆಕ್ಕವನ್ನು ಯುವಕರು ಗಮನವಿಟ್ಟು ಕೇಳಬೇಕು.

ಅವನ ಮನೆಯ ಖರ್ಚು, ಬಾಡಿಗೆ ಸೇರಿ, ತಿಂಗಳಿಗೆ 60,000 ರೂಪಾಯಿ. ವರ್ಷಕ್ಕೆ 7 ಲಕ್ಷ 20 ಸಾವಿರ. ಪೂರ್ತಿ ಕೆಲಸ ಬಿಡಬೇಕಾದರೆ ಎಷ್ಟಿರಬೇಕು? 1994ರಲ್ಲಿ ಅಮೆರಿಕದ ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರರು ಒಂದು ಲೆಕ್ಕ ಕೊಟ್ಟರು. ಕೂಡಿಟ್ಟ ಮೊತ್ತದಲ್ಲಿ ಮೊದಲ ವರ್ಷ ಶೇಕಡಾ 4 ತೆಗೆದು, ಮುಂದೆ ಬೆಲೆ ಏರಿದಷ್ಟು ಏರಿಸುತ್ತ ಹೋದರೆ ಹಣ 30 ವರ್ಷ ಬಾಳುತ್ತದೆ ಎಂದು. ಅದು ಅಲ್ಲಿಯ ಮಾರುಕಟ್ಟೆ ನೋಡಿ ಮಾಡಿದ ಲೆಕ್ಕ. ನಮ್ಮಲ್ಲಿ ಬೆಲೆ ಏರಿಕೆ ಹೆಚ್ಚು, 50ಕ್ಕೆ ಬಿಡುವವನಿಗೆ ಮುಂದೆ 40 ವರ್ಷವೂ ಇರಬಹುದು. ಆದ್ದರಿಂದ ನಾವು ಶೇಕಡಾ 3 ಹಿಡಿದೆವು. ಆಗ ವರ್ಷದ ಖರ್ಚಿನ 33 ಪಟ್ಟು ಬೇಕು. ಇವತ್ತಿನ ಬೆಲೆಯಲ್ಲಿ ಸುಮಾರು 2 ಕೋಟಿ 38 ಲಕ್ಷ. ಇದು ಅವನ ಮನೆಯ 'ಸಾಕು'.

ಅವನ ಬಳಿ ಆಗ 60 ಲಕ್ಷ ಇತ್ತು. ವರ್ಷಕ್ಕೆ 8 ಲಕ್ಷ ಉಳಿಸುತ್ತಿದ್ದ. ಬೆಲೆ ಏರಿಕೆ ಕಳೆದು ಹಣ ವರ್ಷಕ್ಕೆ ಶೇಕಡಾ 3 ಬೆಳೆಯುತ್ತದೆ, ಉಳಿತಾಯವೂ ಬೆಲೆಯ ಜೊತೆ ಏರುತ್ತದೆ ಎಂದುಕೊಂಡೆವು. ನಡುವೆ ಎಲ್ಲೂ ನಿಲ್ಲದೆ ದುಡಿದರೆ 50 ತುಂಬುವ ಹೊತ್ತಿಗೆ ಗುರಿ ಮುಟ್ಟುತ್ತಾನೆ. 35ಕ್ಕೆ ಒಂದು ವರ್ಷ ನಿಂತರೆ 51 ದಾಟುತ್ತದೆ. 43ಕ್ಕೆ ಇನ್ನೊಂದು ವರ್ಷ ನಿಂತರೆ 52ವರೆ ಆಗುತ್ತದೆ. ಎರಡು ವರ್ಷದ ಬಿಡುವಿಗೆ ತೆರುವ ಬೆಲೆ ಹತ್ತಿರ ಹತ್ತಿರ ಮೂರು ವರ್ಷ. ಬಿಡುವು ಪುಕ್ಕಟೆ ಸಿಗುವುದಿಲ್ಲ ಎಂದು ಅವನಿಗೂ ತಿಳಿಯಿತು. ಬಿಡುವು ತೆಗೆದುಕೊಂಡರೆ ಮನೆ ಮುಳುಗುವುದಿಲ್ಲ ಎಂದು ನನಗೂ ತಿಳಿಯಿತು. 25 ವರ್ಷ ಒಂದೇ ಉಸಿರಿನಲ್ಲಿ ಓಡಿ 50ಕ್ಕೆ ಬೀಳುವುದಕ್ಕಿಂತ, ನಡುವೆ ಎರಡು ಕಡೆ ಕೂತು 52ವರೆಗೆ ಗಟ್ಟಿಯಾಗಿ ಮುಟ್ಟುವುದು ಮೇಲು ಎಂದು ಅವನು ಆರಿಸಿಕೊಂಡ.

ಜಲಾಶಯದಲ್ಲಿ ತೂಬಿನ ಮಟ್ಟಕ್ಕಿಂತ ಕೆಳಗಿನ ನೀರನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗೆಯೇ ಬಿಡುವಿನ ಹಣವನ್ನು ಬೇರೆ ತೆಗೆದಿಡಬೇಕು. 12 ತಿಂಗಳ ಖರ್ಚು, ಹೊಸ ಕೆಲಸ ಹುಡುಕಲು ಇನ್ನು 6 ತಿಂಗಳ ಖರ್ಚು, ಒಟ್ಟು 18 ತಿಂಗಳಿಗೆ 10 ಲಕ್ಷ 80 ಸಾವಿರ. ಇದನ್ನು ಷೇರಿನಲ್ಲಿ ಇಡಬಾರದು, ಬೇಕಾದಾಗ ಕೈಗೆ ಸಿಗುವಂತೆ ಬ್ಯಾಂಕಿನಲ್ಲಿಡಬೇಕು. ಕಾರಿನ ಸಾಲ ಮೊದಲು ತೀರಿಸಿದ. ಸಾಲದ ಕಂತು ತಲೆಯ ಮೇಲಿರುವವನು ಬಿಡುವಿನ ಮಾತಾಡಬಾರದು.

ಇನ್ನು ಕೆಲವು ನಿಯಮಗಳು. ಖಾಸಗಿ ಕೆಲಸದಲ್ಲಿ ಗ್ರಾಚ್ಯುಟಿಗೆ ಸಾಮಾನ್ಯವಾಗಿ 5 ವರ್ಷದ ನಿರಂತರ ಸೇವೆ ಬೇಕು, ನಾಲ್ಕು ವರ್ಷಕ್ಕೆ ಬಿಟ್ಟರೆ ಹೋಯಿತು. ಭವಿಷ್ಯ ನಿಧಿಯ ಜೊತೆ ಬರುವ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಕಂಪನಿ ಕೊಟ್ಟ ಆರೋಗ್ಯ ವಿಮೆ ಕೆಲಸ ಬಿಟ್ಟಾಗ ನಿಲ್ಲುತ್ತದೆ. ಸ್ವಂತ ವಿಮೆ ಮೊದಲೇ ಇರಬೇಕು, ಏಕೆಂದರೆ ಹಳೆಯ ಕಾಯಿಲೆಗಳಿಗೆ 3 ವರ್ಷದವರೆಗೆ ಕಾಯಿಸುವ ಪಾಲಿಸಿಗಳಿವೆ. ರಾಜೀನಾಮೆ ಬರೆಯುವ ಮುಂಚೆ ಸಂಬಳವಿಲ್ಲದ ರಜೆ ಕೊಡುತ್ತೀರಾ ಎಂದು ಕೇಳಿ ನೋಡಬೇಕು. ಕೇಳುವುದಕ್ಕೆ ಖರ್ಚಿಲ್ಲ. ಸರ್ಕಾರಿ ನೌಕರಿಯಲ್ಲಿರುವ ಯುವಕರಿಗೂ ಒಂದು ಮಾತು. ನನಗಿದ್ದ ಹಳೆಯ ಪಿಂಚಣಿಯನ್ನು ನೋಡಿ ಲೆಕ್ಕ ಹಾಕಬೇಡಿ. 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ. ಸ್ವಯಂ ನಿವೃತ್ತಿಯ ಯೋಚನೆ ಇದ್ದರೆ ನಿಮ್ಮ ಖಾತೆಯಲ್ಲಿ ಎಷ್ಟಿದೆ, ನಿಯಮ ಏನು ಹೇಳುತ್ತದೆ ಎಂದು ಮೊದಲು ನೋಡಿ. ಮೊದಲು ಗಳಿಕೆ ರಜೆ, ಅರ್ಧ ವೇತನ ರಜೆ ಬಳಸಿ.

ಈ ಲೆಕ್ಕಕ್ಕೆ ನಮ್ಮ ಮನೆಯವರು ಒಂದು ತಿದ್ದುಪಡಿ ಮಾಡಿದರು. ಚಹಾ ತಂದಿಟ್ಟು, "ನಾನೂ ಬಿಡುವು ತಗೊಂಡೀನಲ್ಲ, ಅದರ ಲೆಕ್ಕ ಯಾರು ಹಾಕ್ಯಾರ?" ಅಂದರು. ಅವರು ಶಾಲಾ ಶಿಕ್ಷಕಿಯಾಗಿದ್ದರು. ಮಗ ಹುಟ್ಟಿದಾಗ ಒಂದು ವರ್ಷಕ್ಕೆಂದು ಬಿಟ್ಟವರು ಮತ್ತೆ ಹೋಗಲೇ ಇಲ್ಲ. ನನ್ನ ವರ್ಗಾವಣೆಗಳು, ನನ್ನ ತಾಯಿ ತಂದೆ, ಮಕ್ಕಳ ಪರೀಕ್ಷೆಗಳು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಹೀಗೆ ಕೆಲಸ ಬಿಡುತ್ತಲೇ ಬಂದಿದ್ದಾರೆ. ಯೋಜನೆಯಿಲ್ಲ, ತೆಗೆದಿಟ್ಟ ಹಣವಿಲ್ಲ, ಮರಳುವ ದಿನಾಂಕವಿಲ್ಲ. ನಮ್ಮ ಸೊಸೆಯೂ ಮಗುವಿಗಾಗಿ ಕೆಲಸ ಬಿಟ್ಟು ಆಗಲೇ ಮೂರು ವರ್ಷವಾಗಿತ್ತು. ಹೆಣ್ಣು ಗಂಡು ಸಮವೆಂದು ಸಾರಿದ ಶರಣರ ಹೆಸರು ಹೇಳುವ ನಾವು ಇದನ್ನು ನೋಡಬೇಕಲ್ಲವೇ? ಆ ದಿನ ಕಾಗದದ ಮೇಲೆ ಮೊದಲ ಸಾಲು ಬದಲಾಯಿತು. ಮಗನ ಬಿಡುವಿನ ವರ್ಷ ಮಗುವನ್ನು ಅವನು ನೋಡಿಕೊಳ್ಳಬೇಕು, ಸೊಸೆ ಮತ್ತೆ ಕೆಲಸಕ್ಕೆ ಸಿದ್ಧಳಾಗಬೇಕು.

ಏನಾಯಿತೆಂದು ತಾವು ಕೇಳಬಹುದು. ಎಲ್ಲವೂ ಕಾಗದದಂತೆ ಆಗಲಿಲ್ಲ. ಖರ್ಚು ತಿಂಗಳಿಗೆ 60,000 ಎಂದು ಬರೆದದ್ದು 68,000 ಆಯಿತು. ಮನೆಯಲ್ಲಿರುವವನ ಮನೆಗೆ ನೆಂಟರು ಹೆಚ್ಚು. 12 ತಿಂಗಳು ಎಂದದ್ದು ಕೆಲಸ ಸಿಗುವಷ್ಟರಲ್ಲಿ 14 ಆಯಿತು. ಒಟ್ಟು ಸುಮಾರು 9 ಲಕ್ಷ 52 ಸಾವಿರ, ತೆಗೆದಿಟ್ಟದ್ದರ ಒಳಗೇ ಮುಗಿಯಿತು. ಸಂಬಳ ಹಳೆಯದೇ ಸಿಕ್ಕಿತು, ಜೊತೆಯವರಿಗೆ ಆ ಹೊತ್ತಿಗೆ ಏರಿತ್ತು. ಮೊದಲ ಮೂರು ತಿಂಗಳು ಅವನಿಗೆ ದಿನ ಹೋಗುತ್ತಿರಲಿಲ್ಲ, ಸುಮ್ಮಸುಮ್ಮನೆ ಸಿಡುಕುತ್ತಿದ್ದ. ಇದೂ ಒಳ್ಳೆಯದೇ ಆಯಿತು. ಪೂರ್ತಿ ನಿವೃತ್ತಿಯ ನಂತರ ಹೇಗಿರುತ್ತದೆ ಎಂದು 35ಕ್ಕೇ ತಿಳಿಯಿತು. ನನಗೆ ಅದು ತಿಳಿದದ್ದು 60ಕ್ಕೆ, ತಿದ್ದಿಕೊಳ್ಳಲು ಸಮಯ ಕಡಿಮೆಯಿದ್ದಾಗ. ನಾಲ್ಕನೆಯ ತಿಂಗಳಿಂದ ವಾರಕ್ಕೆ ಮೂರು ದಿನ ಒಂದು ಉಚಿತ ಪ್ರಸಾದ ನಿಲಯದ ಹುಡುಗರಿಗೆ ಗಣಿತ ಹೇಳಿಕೊಟ್ಟ. ಈಗಲೂ ಭಾನುವಾರ ಹೋಗುತ್ತಾನೆ. ವರ್ಷದ ಕೊನೆಗೆ ಸೊಸೆಗೆ ಕೆಲಸ ಸಿಕ್ಕಿತು. ಅವಳ ಸಂಬಳ ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ.

ಅದೇ ವರ್ಷ ನಮ್ಮ ಮನೆಯವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಮಗ ಆರು ವಾರ ಬಂದು ನಮ್ಮ ಜೊತೆ ಇದ್ದ. ತಾಯಿಯನ್ನು ಕೈ ಹಿಡಿದು ನಡೆಸುವುದನ್ನು ನಾನು ಪಡಸಾಲೆಯಲ್ಲಿ ಕೂತು ನೋಡುತ್ತಿದ್ದೆ. ಆಗ ನನಗೆ ಅವ್ವನ ಕೈ ನೆನಪಾಗುತ್ತಿತ್ತು.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಿ ಮುಗಿಸುತ್ತೇನೆ. ಮೊದಲನೆಯದು: 2 ಕೋಟಿ ಕೂಡಿಡುವುದು ಸಂಗ್ರಹವಲ್ಲವೇ, ಶರಣರು ನಾಳೆಗೆ ಕೂಡಿಡಬೇಡವೆಂದರಲ್ಲ? ಈ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಕಲ್ಯಾಣದಲ್ಲಿ ಒಬ್ಬರನ್ನೊಬ್ಬರು ಹೊರುವ ಸಮುದಾಯವಿತ್ತು. ಇವತ್ತು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಹಾಗೆ ಹೊರುವವರಿಲ್ಲ, ಕೂಡಿಡದೆ ದಾರಿಯಿಲ್ಲ. ಆದರೆ ಗುರಿಯ ಮೊತ್ತ ಬರೆದವನು ಆ ಮೊತ್ತ ಬಂದಾಗ ನಿಲ್ಲಬೇಕು. 'ಇನ್ನೊಂದೇ ವರ್ಷ' ಎಂದು ಮುಂದುವರಿದರೆ ಅಲ್ಲಿಂದ ಮುಂದಿನದು ಮಾರಯ್ಯ ತಂದ ಹೆಚ್ಚಿನ ಅಕ್ಕಿ. ನನ್ನ ಮಗನ ಕಾಗದದ ಕೊನೆಯ ಸಾಲಿನಲ್ಲಿ, ಗುರಿ ದಾಟಿದ ಮೇಲಿನ ಗಳಿಕೆ ದಾಸೋಹಕ್ಕೆ ಎಂದು ಬರೆಸಿದ್ದೇನೆ. ಸಹಿ ಅವನದು, ಸಾಕ್ಷಿ ನಾನು.

ಎರಡನೆಯದು: ಈ ಭಾಗ್ಯ ಎಲ್ಲರಿಗೂ ಇದೆಯೇ? ಇಲ್ಲ. ನನ್ನ ಕಾಲುವೆಯಲ್ಲಿ ಹೂಳು ತೆಗೆದ ಕೂಲಿಯವರಿಗೆ ಗಳಿಕೆ ರಜೆಯ ಖಾತೆಯೇ ಇರಲಿಲ್ಲ. ಒಂದು ದಿನ ಬರದಿದ್ದರೆ ಆ ದಿನದ ಕೂಲಿ ಇಲ್ಲ. ನಮ್ಮ ಮನೆಗೆಲಸದವರಿಗೆ, ಅಂಗಡಿಯ ಹುಡುಗನಿಗೆ, ಹೊಲದ ಆಳಿಗೆ ನಾವು ವರ್ಷಕ್ಕೆ ಎಷ್ಟು ದಿನ ಸಂಬಳ ಸಹಿತ ರಜೆ ಕೊಡುತ್ತೇವೆ? ಬಿಡುವಿನ ಬೆಲೆ ತಿಳಿದವರು ಮೊದಲು ಅದನ್ನು ಕೊಡುವುದರಿಂದ ಆರಂಭಿಸಬೇಕು. ಇದಕ್ಕೆ ದೊಡ್ಡ ಲೆಕ್ಕವೇನೂ ಬೇಡ.

ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಅವರ ನಿವೃತ್ತಿಯ ದಿನಾಂಕ ಯಾವ ಸೇವಾ ಪುಸ್ತಕದಲ್ಲೂ ಇರಲಿಲ್ಲ. ಕಾಯಕಕ್ಕೆ ನಿವೃತ್ತಿಯಿಲ್ಲ ಎಂಬ ಮಾತು ನಿಜ. ಸಂಬಳಕ್ಕೆ ನಿವೃತ್ತಿ ಇದೆ, ಇರಬೇಕು. ಎರಡನ್ನೂ ಒಂದೇ ಎಂದು ತಿಳಿದದ್ದು ನನ್ನ ತಪ್ಪು.

ತಂದೆ ತಾಯಂದಿರಲ್ಲಿ ನನ್ನ ಬಿನ್ನಹ: ಮಗನೋ ಮಗಳೋ ಕೆಲಸಕ್ಕೆ ಬಿಡುವು ಬೇಕೆಂದರೆ ನನ್ನಂತೆ ಸಿಡಿಯಬೇಡಿ, ಕಾಗದ ತರಲು ಹೇಳಿ, ಜೊತೆಗೆ ಕೂತು ಲೆಕ್ಕ ಹಾಕಿ. ಯುವಕರಲ್ಲಿ: ಬೇಸರ ಬಂತೆಂದು ಬಿಡಬೇಡಿ, ಲೆಕ್ಕ ಹಾಕಿ ಬಿಡಿ, ಮರಳುವ ದಿನಾಂಕ ಬರೆದಿಟ್ಟು ಬಿಡಿ. ಇನ್ನು ಈ ಸಭೆಯಲ್ಲಿ ನೌಕರಿಯಲ್ಲಿರುವವರಲ್ಲಿ: ನಿಮ್ಮ ಖಾತೆಯಲ್ಲಿ ರಜೆ ಇದೆ, ಊರಲ್ಲಿ ಯಾರೋ ಎಂಟು ದಿನ ಇದ್ದು ಹೋಗು ಎಂದಿದ್ದಾರೆ ಅನ್ನುವುದಾದರೆ, ಮಾರ್ಚ್ ಮುಗಿಯಲಿ ಎನ್ನಬೇಡಿ. ನಾಳೆ ಬೆಳಿಗ್ಗೆ ಅರ್ಜಿ ಬರೆಯಿರಿ.